ಗುಡುಗಿಗೆ ಪ್ಲಗ್ ಕಿತ್ತ ಮೇಲೆ

ಹೊಸನಗರದಿಂದ ಹೊರಟಿದ್ದು

ಪೋಲೆಂಡಿಗೆ ಹೋಗಿ ಬಂದವಳು ಅಂದ ಕೂಡಲೇ ನಮ್ಮ ಆಫೀಸಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲಿ ಎಂತೆಂತ ನೋಡಿದ್ರಿ ಮೇಡಂ?" ಕೋಟೆ, ಹಳೇ ಚರ್ಚು, ಕಲ್ಲು ಹಾಸಿದ ಬೀದಿ ಎಲ್ಲವೂ ಟ್ರಾಮಿನ ಕಿಟಕಿಯಿಂದ ಕಂಡದ್ದು ಹೌದು. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಒಂದು ವಾಲಿಬಾಲ್ ಪಂದ್ಯ. ಅದರಲ್ಲೂ ಕೋಚ್ ಕೈಯಲ್ಲಿದ್ದ ಒಂದು ಟ್ಯಾಬು. ಚೆಂಡಿಗಿಂತ ಹೆಚ್ಚು ಹೊತ್ತು ನಾನು ಅದನ್ನೇ ನೋಡುತ್ತಾ ಕೂತಿದ್ದೆ.

ಹೋಗಿದ್ದು ಪೂರ್ಣಿಯ ಕಾರಣಕ್ಕೆ. ಪೂರ್ಣಿಮಾ ನನ್ನ ಅಣ್ಣನ ಮಗಳು. ಹೈಸ್ಕೂಲು ಓದಿದ್ದು ಹೊಸನಗರದ ನಮ್ಮ ಮನೆಯಲ್ಲಿದ್ದುಕೊಂಡು. ಆಗ ನಮ್ಮನೆಯವರು ವಾಲಿಬಾಲ್ ಆಡುತ್ತಿದ್ದರು. ಸಾಗರ, ತೀರ್ಥಹಳ್ಳಿ, ರಿಪ್ಪನ್‌ಪೇಟೆ ಅಂತ ಎಲ್ಲಿ ಪಂದ್ಯ ಇದ್ದರೂ ಬಸ್ ಹತ್ತುವವರು. ಈ ಹುಡುಗಿ ಮಾವನ ಬೆನ್ನಿಗೇ ಹೋಗಿ ಗೆರೆಯ ಹೊರಗೆ ಕೂತು, ಯಾರು ಎಲ್ಲಿಂದ ಹೊಡೆದರು, ಚೆಂಡು ಎಲ್ಲಿ ಬಿತ್ತು ಅಂತ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀರುತ್ತಿದ್ದಳು. ಅದೇ ಗೀರಾಟ ಅವಳನ್ನು ಎಲ್ಲೆಲ್ಲೋ ಓದಿಸಿ, ಪೋಲೆಂಡಿನ ಒಂದು ಹೆಂಗಸರ ವಾಲಿಬಾಲ್ ಕ್ಲಬ್ಬಿಗೆ ತಲುಪಿಸಿತ್ತು. ಆಡುವುದಕ್ಕಲ್ಲ. ಅಂಕಣದ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಟವನ್ನು ಬರೆಯುವುದಕ್ಕೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಫೋನು ಮಾಡಿದಳು. "ಅತ್ತೆ, ಸೀಸನ್ನಿನ ಕೊನೇ ಮ್ಯಾಚಿಗೆ ನೀವೂ ಮಾವನೂ ಬನ್ನಿ. ನನ್ ಕಾಂಟ್ರಾಕ್ಟು ಅಲ್ಲಿಗೆ ಮುಗೀತದೆ. ಮುಂದಿನ ವರ್ಷ ಇಲ್ಲಿರ್ತೀನೋ ಇಲ್ವೋ."

"ಯಾಕೆ, ಎಂತ ಆಯ್ತು?"

"ಎಂತ ಆಗಿಲ್ಲ. ಕೋಚಿಗೆ ನಾನು ಬೇಕು ಅಂತ ಇನ್ನೂ ಅನ್ನಿಸಿಲ್ಲ, ಅಷ್ಟೇ."

ನಮ್ಮನೆಯವರ ಮಂಡಿ ನೋವು ಆ ಕ್ಷಣವೇ ವಾಸಿಯಾಯಿತು. ನಾನು ರಜೆಗೆ ಬರೆದೆ.

ಮೂರನೇ ಮಹಡಿ

ಪೂರ್ಣಿಯ ಮನೆ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲ. ಮೆಟ್ಟಿಲಲ್ಲಿ ಯಾರು ಎದುರಾದರೂ "ಜೆನ್ ದೋಬ್ರಿ" ಅನ್ನಬೇಕು, ನಮಸ್ಕಾರ ಅಂದ ಹಾಗೆ. ಅಂದಾದ ಮೇಲೆ ಮುಂದಿನ ಮಾತಿಲ್ಲ. ಎಲ್ಲಿಂದ ಬಂದ್ರಿ, ಯಾರ ಮನೆಗೆ, ಎಷ್ಟು ದಿನ ಇರ್ತೀರಿ ಅಂತ ಒಬ್ಬರೂ ಕೇಳುವುದಿಲ್ಲ. ನಮ್ಮನೆಯವರಿಗೆ ಇದು ಬಹಳ ಕಷ್ಟವಾಯಿತು. ತಾವೇ ಹೇಳಿಬಿಡೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಕೆಳಗಿಳಿದು ಹೋಗಿರುತ್ತಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಡುವುದು ಮಾತ್ರ ನಮ್ಮ ಹಾಗೇ. ಆದರೆ ಬಂದವರಿಗೆ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಡುತ್ತಾರೆ. ಯಾರ್ಯಾರೋ ಹಾಕಿ ಬಿಟ್ಟ ಬಟ್ಟೆಯ ಚಪ್ಪಲಿ. ನಾನು ಬರಿಗಾಲಲ್ಲೇ ಓಡಾಡಿದೆ. ಎದುರು ಮನೆಯ ಹಲಿನಾ ಅಜ್ಜಿ ನನ್ನ ಪಾದ ನೋಡಿ, ಥಂಡಿಯಾಗುತ್ತದೆ ಅಂತ ಕೈಸನ್ನೆಯಲ್ಲೇ ಗದರಿದರು.

ಮೊದಲ ಸಂಜೆ ಜೀರಿಗೆ ಮಿಡಿ ಉಪ್ಪಿನಕಾಯಿ ಹಚ್ಚಿಕೊಂಡು ಅನ್ನ ಮೊಸರು ಉಣ್ಣುತ್ತಾ ಪೂರ್ಣಿ ತನ್ನ ಕೆಲಸ ತೋರಿಸಿದಳು. ಪ್ರತಿ ಸಲ ಚೆಂಡು ಯಾರ ಕೈಗೆ ತಾಗಿದರೂ ಇವಳು ಲ್ಯಾಪ್‌ಟಾಪಿನಲ್ಲಿ ನಾಲ್ಕೈದು ಅಕ್ಷರ ಕುಟ್ಟುತ್ತಾಳೆ. ಅದು ಬೆಂಚಿನಲ್ಲಿರುವ ಕೋಚ್ ಟ್ಯಾಬಿಗೆ ಚಿತ್ರವಾಗಿ ಹೋಗುತ್ತದೆ. ಎದುರಾಳಿಯವರು ಇಕ್ಕಟ್ಟಿನಲ್ಲಿದ್ದಾಗ ಚೆಂಡನ್ನು ಯಾರಿಗೆ ಎತ್ತಿಕೊಡುತ್ತಾರೆ, ಅವಳು ಯಾವ ಮೂಲೆಗೆ ಹೊಡೆಯುತ್ತಾಳೆ, ಎಲ್ಲಕ್ಕೂ ಬಾಣದ ಗುರುತು. ಮುಟ್ಟಿದರೆ ಈಗಷ್ಟೇ ಆಡಿದ ಆಟದ ವಿಡಿಯೋ.

"ಇಷ್ಟೆಲ್ಲ ಇದ್ದೂ ಕೋಚಿಗೆ ಎಂತ ತಕರಾರು?" ಅಂದೆ.

"ಅವರು ಹಳಬರು ಅತ್ತೆ. ಟ್ಯಾಬನ್ನ ಹೋಟೆಲ್ ಸಪ್ಲೈಯರ್ ಟ್ರೇ ಹಿಡಿದಂಗೆ ಹಿಡೀತಾರೆ. ನೋಡ್ತಾರೆ, ತಲೆ ಆಡಿಸ್ತಾರೆ, ಆಮೇಲೆ ತಮಗೆ ತೋಚಿದ್ದೇ ಮಾಡ್ತಾರೆ. ನನ್ ಮಾತು ಕಿವಿಗೆ ಬೀಳ್ಲಿ ಅಂತ ಹೆಡ್‌ಸೆಟ್ ಕೊಟ್ರೆ ಹಾಕ್ಕೊಳಲ್ಲ. ಅದನ್ನ ಅಸಿಸ್ಟೆಂಟ್ ಹಾಕ್ಕೋತಾಳೆ."

"ಮತ್ತೆ ನಮ್ಮಲ್ಲಿ ಗೆರೆ ಮೇಲೆ ನಿಂತವರೆಲ್ಲ ಕೋಚೇ ಅಲ್ಲನೇ?" ನಮ್ಮನೆಯವರು ಹೇಳಿದರು. "ತೀರ್ಥಳ್ಳಿ ಮ್ಯಾಚಲ್ಲಿ ಎಲೆ ಅಡಿಕೆ ಕವಳ ಹಾಕ್ಕೊಂಡು ನಿಂತಿದ್ದೋರು ಒಬ್ಬೊಬ್ರು ಒಂದೊಂದು ಹೇಳೋರು. ಒಬ್ಬ ಎಡಕ್ಕೆ ಹೊಡಿ ಅಂದ್ರೆ ಇನ್ನೊಬ್ಬ ಬಲಕ್ಕೆ. ನಾವು ಯಾರ ಮಾತೂ ಕೇಳ್ತಿರಲಿಲ್ಲ."

"ಅದಕ್ಕೇ ಸೋಲ್ತಿದ್ರಿ ಮಾವ."

"ಏ, ಗೆದ್ದಿದ್ದೂ ಉಂಟು ಮಾರಾಯ್ತಿ!"

ನಗುತ್ತಲೇ ಇದ್ದಳು. ಆದರೆ ಊಟ ಮುಗಿದ ಮೇಲೂ ಆ ಟ್ಯಾಬಿನ ಮೇಲೆ ಬೆರಳು ಓಡಿಸುವುದನ್ನು ಬಿಡಲಿಲ್ಲ.

ಪಂದ್ಯದ ಬೆಳಿಗ್ಗೆ

ಪಂದ್ಯ ಮೂರನೇ ಸ್ಥಾನಕ್ಕೆ, ಮಧ್ಯಾಹ್ನದ ಮೇಲೆ. ಕ್ಯಾಮೆರಾ ಕಟ್ಟಲು ಪೂರ್ಣಿ ಬೆಳಿಗ್ಗೆಯೇ ಪಂದ್ಯ ನಡೆಯುವ ಹಾಲ್‌ಗೆ ಹೊರಟಳು. ಹಿಂದಿನ ದಿನವೆಲ್ಲ ವಿಡಿಯೋ ನೋಡಿ ನೋಡಿ ಕೋಚಿನ ಟ್ಯಾಬು, ಇರಲಿ ಅಂತ ಇಟ್ಟುಕೊಂಡ ಇನ್ನೊಂದು, ಎರಡೂ ಬರಿದಾಗಿದ್ದವು. ಆಗಷ್ಟೇ ಚಾರ್ಜಿಗೆ ಹಾಕಿದ್ದಳು.

"ಅತ್ತೆ, ಹೊರಡುವಾಗ ಇವೆರಡನ್ನೂ ಈ ಬ್ಯಾಗಿಗೆ ಹಾಕ್ಕೊಂಡು ಬನ್ನಿ. ಅಷ್ಟೊತ್ತಿಗೆ ತುಂಬಿರ್ತದೆ."

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಆಕಾಶ ಕಪ್ಪಾಯಿತು. ದೂರದಲ್ಲಿ ಒಂದು ಗುಡುಗು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡುಗಿದ ಕೂಡಲೇ ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಕೈಕಾಲು ತಾವಾಗಿಯೇ ಓಡುತ್ತವೆ. ಟಿವಿ, ಫ್ರಿಜ್, ವೈಫೈ ಪೆಟ್ಟಿಗೆ, ಫೋನಿನ ಚಾರ್ಜರ್, ಎಲ್ಲದರ ಪ್ಲಗ್ ಕಿತ್ತು ನೆಲದ ಮೇಲೆ. ಸ್ವಿಚ್ ಆರಿಸಿದರೆ ಸಾಲದು, ಕೀಳಲೇ ಬೇಕು. ಎಷ್ಟು ಟಿವಿ ಸುಟ್ಟುಕೊಂಡು ಕಲಿತದ್ದು ಅದು. ಕಿಟಕಿ ಅವರ ಪಾಲು, ಪ್ಲಗ್ಗು ನನ್ನ ಪಾಲು.

"ಕಿತ್ಯಾ?" ಅವರು ಅಡುಗೆಮನೆಯ ಕಿಟಕಿ ಎಳೆಯುತ್ತಾ ಕೇಳಿದರು.

"ಕಿತ್ತೆ."

ನಿಜ ಹೇಳಬೇಕೆಂದರೆ ಟ್ಯಾಬಿನ ಪ್ಲಗ್ಗಿಗೆ ಕೈ ಹಾಕುವಾಗ ಒಂದು ಗಳಿಗೆ ಅನುಮಾನಿಸಿದೆ. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆದಿದ್ದು ಕಂಡಿತು. ಹಲಿನಾ ಅಜ್ಜಿ ಒಂದು ದಪ್ಪನೆಯ ಮೇಣದಬತ್ತಿ ಹಚ್ಚಿ ಕಿಟಕಿಯಲ್ಲಿ ಇಡುತ್ತಿದ್ದರು. ಆಕಾಶ ತೋರಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಗುಡುಗಿಗೆ ಅಂತಲೇ ಚರ್ಚಿನಲ್ಲಿ ಮಂತ್ರಿಸಿ ತಂದ ಬತ್ತಿಯಂತೆ, ಆಮೇಲೆ ತಿಳಿಯಿತು. ಅವರ ಟಿವಿಯ ವೈರೂ ನೆಲದ ಮೇಲಿತ್ತು. ಇಲ್ಲಿಯೂ ಗುಡುಗಿಗೆ ಮರ್ಯಾದೆ ಇದೆ ಅಂತ ಖುಷಿಯಾಗಿ, ಎರಡು ಟ್ಯಾಬನ್ನೂ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನೊಳಗೆ ಜೋಪಾನ ಮಾಡಿದೆ.

ಮಳೆ ಹನಿಯಿತು, ನಿಂತಿತು. ಗುಡುಗು ಮಾತ್ರ ಹೊರಡುವವರೆಗೂ ಅಲ್ಲೇ ಎಲ್ಲೋ ಗುರುಗುಡುತ್ತಿತ್ತು. ಹಾಗಾಗಿ ಪ್ಲಗ್ಗು ವಾಪಸ್ ಹಾಕುವ ಮಾತೇ ಬರಲಿಲ್ಲ.

ಟ್ರಾಮಿನಲ್ಲಿ

ಟ್ರಾಮು ಕಿಕ್ಕಿರಿದಿತ್ತು. ಸೇತುವೆ ಆಗುವ ಮುಂಚೆ ಹಿನ್ನೀರು ದಾಟಲು ಹೊಳೆಬಾಗಿಲಿನ ಲಾಂಚಿನಲ್ಲಿ ನಿಲ್ಲುತ್ತಿದ್ದ ಹಾಗೆ, ಭುಜಕ್ಕೆ ಭುಜ. ಆದರೆ ಲಾಂಚಿನಲ್ಲಿ ಆ ದಡ ಸೇರುವುದರೊಳಗೆ ಪಕ್ಕದವರ ಮನೆಯ ಕಥೆಯೆಲ್ಲ ಗೊತ್ತಾಗಿರುತ್ತಿತ್ತು. ಇಲ್ಲಿ ಒಬ್ಬರ ಉಸಿರೂ ಕೇಳಿಸಲಿಲ್ಲ. ಎಲ್ಲರ ಕುತ್ತಿಗೆಗೂ ಕ್ಲಬ್ಬಿನ ಬಣ್ಣದ ಮಫ್ಲರು. ನಾವು ಇಳಿಯಬೇಕಾದ ಕಡೆ ಇಳಿಯದೆ ಒಂದು ಸ್ಟಾಪು ಮುಂದೆ ಹೋದೆವು. ನಮ್ಮನೆಯವರು ಕಂಡಕ್ಟರನನ್ನು ಹುಡುಕುತ್ತಿದ್ದರು. ಕಂಡಕ್ಟರ್ ಅನ್ನುವವನೇ ಅಲ್ಲಿಲ್ಲ. ವಾಪಸ್ ನಡೆದು ಬರುವಷ್ಟರಲ್ಲಿ ಹೊತ್ತಾಗಿತ್ತು. ನಾನು ಬ್ಯಾಗನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದೆ.

ಹಾಲಿನ ಬಾಗಿಲು

ಪೂರ್ಣಿ ಪಕ್ಕದ ಬಾಗಿಲಲ್ಲಿ ಕಾಯುತ್ತಿದ್ದಳು. ಟವೆಲ್ಲು ಬಿಚ್ಚಿ ಒಂದು ಟ್ಯಾಬು ಒತ್ತಿದಳು. ಇನ್ನೊಂದು ಒತ್ತಿದಳು. ಮತ್ತೆ ಮೊದಲನೆಯದು.

"ಅತ್ತೆ, ಇದು ಚಾರ್ಜೇ ಆಗಿಲ್ಲ."

"ಗುಡುಗಿತಲ್ಲ. ಕಿತ್ತೆ."

ಅವಳು ನನ್ನನ್ನೇ ನೋಡಿದಳು. ಹೊಸನಗರದಲ್ಲಿ ನನ್ನ ಹಿಂದೆಯೇ ಓಡಿ ಎಷ್ಟು ಪ್ಲಗ್ಗು ಕಿತ್ತವಳು ಅವಳು. ಬಯ್ಯಲು ಬಾಯಿ ಬರಲಿಲ್ಲ ಅಂತ ಕಾಣುತ್ತದೆ. "ಅಯ್ಯೋ ಅತ್ತೆ," ಅಂದಳು. "ಇಲ್ಲಿ ಎಂತಕ್ಕೆ ಕಿತ್ರಿ?" ಅಷ್ಟೇ. ಎರಡನ್ನೂ ಎತ್ತಿಕೊಂಡು ಓಡಿದಳು.

ನಮ್ಮನೆಯವರು ಮೆಲ್ಲಗೆ ಹೇಳಿದರು: "ನಾನು ಕಿಟಕಿ ಹಾಕಿದ್ದು ಮಾತ್ರ."

"ಹೌದು, ಕಿತ್ಯಾ ಕಿತ್ಯಾ ಅಂತ ಕೇಳಿದ್ದು ಯಾರು, ಹಲಿನಾ ಅಜ್ಜಿಯಾ?"

ಕೋಟು ಒಪ್ಪಿಸುವ ಕಡೆ ಒಂದು ಸಾಲು. ಕೋಟು ಹಾಕಿಕೊಂಡೇ ಒಳಗೆ ಹೋಗುವುದು ಅಲ್ಲಿ ಚಂದವಲ್ಲವಂತೆ. ನಮ್ಮನೆಯವರು ಸ್ವೆಟರನ್ನೂ ಬಿಚ್ಚಿ ಕೊಟ್ಟು ಆಮೇಲೆ ನಡುಗಿದರು.

ಬೆಂಚಿನ ಕಡೆಗೇ ಕಣ್ಣು

ನಮಗೆ ಪೂರ್ಣಿಯ ಮೇಜಿನ ಹಿಂದೆಯೇ ಸೀಟು. ಅಂಕಣದ ಒಂದು ತುದಿಯಲ್ಲಿ ಅವಳು. ಓರೆಗೆ ನೋಡಿದರೆ ಬೆಂಚು, ಅಲ್ಲಿ ಕೋಚು. ಬಿಳಿ ಮೀಸೆಯ ದಪ್ಪ ಮನುಷ್ಯ. ಚೂರುಪಾರು ಚಾರ್ಜಾದ ಒಂದು ಟ್ಯಾಬು ಅವರ ಕೈಯಲ್ಲಿತ್ತು, ಇನ್ನೊಂದು ಏಳಲೇ ಇಲ್ಲವಂತೆ. ಅದಕ್ಕೆ ಪವರ್‌ಬ್ಯಾಂಕಿನ ವೈರು ಸಿಕ್ಕಿಸಿ, ಪವರ್‌ಬ್ಯಾಂಕನ್ನು ಅಸಿಸ್ಟೆಂಟ್ ಹಿಡಿದುಕೊಂಡಿದ್ದಳು. ಕೋಚು ಗೆರೆಯುದ್ದಕ್ಕೂ ಓಡಾಡುವವರು. ಅವರು ಹೋದಲ್ಲೆಲ್ಲ ಅವಳೂ ವೈರು ಹಿಡಿದು ಓಡಬೇಕು. ಸ್ವಲ್ಪ ಹೊತ್ತಿಗೇ ಅವರು ಹಗ್ಗ ಕಿತ್ತುಕೊಂಡ ಎತ್ತಿನ ಹಾಗೆ ವೈರು ಎಳೆದು ಬಿಸಾಕಿದರು.

ಡೋಲು, ಚಪ್ಪಾಳೆ, ಮೈಕಿನಲ್ಲಿ ಕೂಗು. ಇಡೀ ಹಾಲು ಒಂದೇ ತಾಳಕ್ಕೆ ಎದ್ದು ಕೂರುತ್ತಿತ್ತು. ನಮ್ಮ ಹುಡುಗಿಯರು ಮೊದಲೆರಡು ಸೆಟ್ಟು ಸೋತರು. ಪ್ರತಿ ಸಲ ಟೈಮ್‌ಔಟ್ ತೆಗೆದುಕೊಂಡಾಗ ಕೋಚು ಟ್ಯಾಬು ನೋಡುತ್ತಿದ್ದರು, ಹಣೆ ಗಂಟಿಕ್ಕುತ್ತಿದ್ದರು. ಪೂರ್ಣಿ ತಲೆ ಎತ್ತದೆ ಕುಟ್ಟುತ್ತಿದ್ದಳು.

ಮೂರನೇ ಸೆಟ್ಟಿನ ನಡುವೆ ಟ್ಯಾಬು ಆರಿಹೋಯಿತು. ಕೋಚು ಅದನ್ನು ತಟ್ಟಿದರು, ಅಲ್ಲಾಡಿಸಿದರು. ನಮ್ಮ ಕಡೆ ರೇಡಿಯೋ ತಟ್ಟುತ್ತಿದ್ದರಲ್ಲ, ಥೇಟ್ ಹಾಗೆ. ಆಮೇಲೆ ಬೆಂಚಿನ ಕೆಳಗಿಟ್ಟು ಮೇಲೊಂದು ಟವೆಲ್ಲು ಹಾಕಿದರು.

ಅಲ್ಲಿಂದಾಚೆಗೆ ಆಗಿದ್ದನ್ನು ನಾನು ಎಣಿಸಿರಲಿಲ್ಲ. ನಮ್ಮವರು ಗೆಲ್ಲತೊಡಗಿದರು.

ಕೋಚಿಗೆ ರೆಕ್ಕೆ ಬಂದ ಹಾಗಾಯಿತು. ತೋಳು ಮಡಚಿ, ಕೂಗಿ, ಒಬ್ಬಳನ್ನು ಹೊರಗೆ ಕರೆದು ಇನ್ನೊಬ್ಬಳನ್ನು ಒಳಗೆ ಕಳಿಸಿ, ಮೂರನೇ ಸೆಟ್ಟು ತೆಗೆದುಕೊಂಡರು. ನಾಲ್ಕನೆಯದೂ ನಮ್ಮದೇ. ಸುತ್ತಲೂ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನಮ್ಮನೆಯವರು ನಡುಗುವುದನ್ನು ಮರೆತು ಎದ್ದು ನಿಂತು, "ಹಾಕು ಮಗಳೇ, ಹಾಕು!" ಅಂತ ಕೂಗತೊಡಗಿದರು.

ನಾನು ಅವರ ಅಂಗಿ ಹಿಡಿದೆಳೆದೆ. "ಖುಷಿ ಪಡಬೇಡಿ, ಕೂತ್ಕೊಳ್ಳಿ."

"ಯಾಕೆ ಮಾರಾಯ್ತಿ? ಗೆಲ್ತಾ ಇದೀವಲ್ಲ!"

"ಟ್ಯಾಬಿಲ್ದೇ ಗೆಲ್ತಾ ಇದಾರೆ."

ಅವರಿಗೆ ಆಗ ಹೊಳೆಯಿತು. ಕೂತರು. ಪೂರ್ಣಿಯ ಬೆನ್ನು ನೋಡಿದರು. ಅವಳು ಈಗಲೂ ಕುಟ್ಟುತ್ತಲೇ ಇದ್ದಳು. ಯಾರೂ ನೋಡದ ಬಾಣಗಳನ್ನು ಆ ಕಪ್ಪು ಪರದೆಗೆ ಕಳಿಸುತ್ತಲೇ ಇದ್ದಳು. ಕಿವಿ ಕೆಂಪಾಗಿತ್ತು. ಮಧ್ಯೆ ಮಧ್ಯೆ ಹೆಡ್‌ಸೆಟ್ಟಿನಲ್ಲಿ ಏನೋ ಹೇಳುತ್ತಿದ್ದಳು. ಅಸಿಸ್ಟೆಂಟ್ ಅದನ್ನು ಕೋಚಿನ ಬೆನ್ನಿಗೆ ಹೇಳುತ್ತಿದ್ದಳು. ಬೆನ್ನು ತಿರುಗುತ್ತಿರಲಿಲ್ಲ. ಆ ಸಾವಿರಾರು ಜನರ ನಡುವೆ, ನಮ್ಮವರು ಗೆಲ್ಲುವಾಗ ಸಂಕಟಪಡುತ್ತಿದ್ದವಳು ನಾನೊಬ್ಬಳೇ ಇರಬೇಕು. ಎದ್ದು ಎಲ್ಲಿಗಾದರೂ ಹೋಗೋಣ ಅನ್ನಿಸಿತು. ಹೋಗಿ ಮಾಡುವುದಾದರೂ ಏನು? ಕೂತೆ.

ಐದನೇ ಸೆಟ್ಟು. ಸಮಸಮ ಹೋಗುತ್ತಿತ್ತು. ನಮ್ಮ ಹುಡುಗಿ ಹೊಡೆದ ಚೆಂಡು ಹೊರಗೆ ಬಿತ್ತು. ಎದುರಾಳಿಯ ಬೆರಳಿಗೆ ತಾಗಿಯೇ ಹೊರಗೆ ಹೋಯಿತು, ಪಾಯಿಂಟು ನಮ್ಮದು ಅಂತ ನಮ್ಮವರ ವಾದ. ಎಲ್ಲರೂ ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದು ತೋರಿಸಿದರು: ವಿಡಿಯೋ ನೋಡಿ! ಕೋಚು ಕೇಳಿದರೆ ಅಂಪೈರ್ ನೋಡಲೇಬೇಕು. ಆದರೆ ಕೇಳಿದ್ದು ತಪ್ಪಾದರೆ ಆ ಅವಕಾಶ ಹೋದಂತೆ. ಆ ಸೆಟ್ಟಿನಲ್ಲಿ ಅವರಿಗೆ ಉಳಿದಿದ್ದು ಒಂದೇ.

ಕೋಚು ಕೈ ಎತ್ತಲು ಹೋದರು. ನಿಲ್ಲಿಸಿದರು. ಬೆಂಚಿನ ಕೆಳಗೆ ನೋಡಿದರು, ಟವೆಲ್ಲಿನ ಕಡೆ. ಆಮೇಲೆ ಇಡೀ ಮೈ ತಿರುಗಿಸಿ ಅಂಕಣದ ಈ ತುದಿಗೆ, ನಮ್ಮ ಪೂರ್ಣಿಯ ಕಡೆ ನೋಡಿದರು.

ಪೂರ್ಣಿ ಇಲ್ಲ ಅಂತ ತಲೆ ಆಡಿಸಿದಳು. ಒಂದೇ ಸಲ.

ನಮ್ಮ ಆಟಗಾರ್ತಿ ಅವರ ಮುಖಕ್ಕೇ ಬಂದು ಕೂಗುತ್ತಿದ್ದಳು. ಹಾಲೆಲ್ಲ ಶಿಳ್ಳೆ. ಆ ಮನುಷ್ಯ ಕೈ ಇಳಿಸಿ, ಜೇಬಿನೊಳಗೆ ಹಾಕಿಕೊಂಡುಬಿಟ್ಟರು. ಎದುರಿದ್ದ ದೊಡ್ಡ ಪರದೆಯಲ್ಲಿ ಅದೇ ಹೊಡೆತ ನಿಧಾನವಾಗಿ ಬಂತು. ಬೆರಳಿಗೂ ಚೆಂಡಿಗೂ ನಡುವೆ ಬೆಳಕು ಕಾಣುತ್ತಿತ್ತು. ಶಿಳ್ಳೆ ನಿಂತಿತು.

ಎರಡು ಪಾಯಿಂಟು ಕಳೆದ ಮೇಲೆ ಅವರು ಮತ್ತೆ ತಿರುಗಿದರು. ಈ ಸಲ ಪೂರ್ಣಿ ಆಗಲೇ ಎದ್ದು ನಿಂತು ಹೌದು ಹೌದು ಅಂತ ತಲೆ ಆಡಿಸುತ್ತಿದ್ದಳು. ಅವರು ವಿಡಿಯೋ ಕೇಳಿದರು. ಪರದೆಯಲ್ಲಿ ಎದುರಾಳಿಯ ಮೊಣಕೈ ನೆಟ್ಟನ್ನು ಸವರಿದ್ದು, ನೆಟ್ಟು ಅಲ್ಲಾಡಿದ್ದು ಕಂಡಿತು. ಪಾಯಿಂಟು ನಮಗೆ ಬಂತು. ನಮ್ಮನೆಯವರು ನನ್ನ ಕಡೆ ನೋಡಿದರು, ಈಗ ಖುಷಿ ಪಡಲಾ ಅನ್ನುವ ಹಾಗೆ. ಪಡಿ ಅಂದೆ.

ಆದರೂ ಸೋತರು. ಕೊನೆಗೆ ನಮ್ಮ ಹುಡುಗಿಯೊಬ್ಬಳು ಮಾಡಿದ ಸರ್ವಿಸ್ ನೆಟ್ಟಿಗೆ ಹೋಯಿತು. ಅದಕ್ಕೆ ಯಾವ ಟ್ಯಾಬೂ ಏನೂ ಮಾಡುವಂತಿರಲಿಲ್ಲ.

ಮೀಸೆಯವರ ಮುಂದೆ

ಜನ ಕರಗಿದ ಮೇಲೆ ಕೋಚು ಆ ಟ್ಯಾಬು ಹಿಡಿದು ಮೇಜಿನ ಹತ್ತಿರ ಬಂದರು. ಪೂರ್ಣಿ ವೈರು ಸುತ್ತುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ ನನಗೆ. ಮುಂದೆ ಹೋಗಿ "ಜೆನ್ ದೋಬ್ರಿ" ಅಂದೆ. ಆಕಾಶ ತೋರಿಸಿದೆ. "ಗುಡುಗುಡುಗುಡು" ಅಂದೆ. ಗೋಡೆಯಲ್ಲಿದ್ದ ಪ್ಲಗ್ ತೋರಿಸಿ, ಕಿತ್ತ ಹಾಗೆ ಮಾಡಿ, ನನ್ನ ಎದೆ ಮುಟ್ಟಿಕೊಂಡೆ. ನಾನು. ಅವಳಲ್ಲ, ನಾನು.

"ಅತ್ತೆ, ಬಿಡಿ," ಅಂದಳು ಪೂರ್ಣಿ. ಮುಖ ಕೆಂಪಾಗಿತ್ತು.

ಮೀಸೆಯ ಕೆಳಗೆ ಏನೋ ಅಲುಗಿತು. ಅವರು ಏನೋ ಹೇಳಿದರು. ಮೇಣದಬತ್ತಿ ಹಚ್ಚುವ ಹಾಗೆ ಕೈ ಮಾಡಿ, ಆಮೇಲೆ ನನ್ನ ಹಾಗೇ ಪ್ಲಗ್ ಕಿತ್ತು ತೋರಿಸಿದರು.

"ಅವರ ಅಮ್ಮನೂ ಹಿಂಗೇ ಮಾಡ್ತಿದ್ರಂತೆ," ಪೂರ್ಣಿ ಹೇಳಿದಳು. "ಟಿವಿಲಿ ಮ್ಯಾಚು ಬರ್ತಿರೋವಾಗ್ಲೇ ಕೀಳ್ತಿದ್ರಂತೆ."

ಆಮೇಲೆ ಅವರು ಕಪ್ಪು ಪರದೆಯನ್ನು ಬೆರಳಿನಿಂದ ತಟ್ಟಿ, ಅವಳಿಗೆ ಇನ್ನೊಂದು ಮಾತು ಹೇಳಿ ಹೋದರು. ಅದನ್ನು ಅವಳು ಆಗ ಹೇಳಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಹೇಳಿದಳು. "ಇದ್ರಲ್ಲಿ ನನ್ ಮುಖ ಮಾತ್ರ ಕಾಣ್ತಿತ್ತು, ಆ ಮುಖಕ್ಕೆ ಏನೂ ಗೊತ್ತಿರಲಿಲ್ಲ, ಅದಕ್ಕೇ ನಿನ್ ಕಡೆ ನೋಡ್ದೆ ಅಂದ್ರು."

"ಹಂಗಂದ್ರೆ ಇಟ್ಕೋತಾರೆ ಅಂತನಾ?" ಕೇಳಿದೆ.

"ಗೊತ್ತಿಲ್ಲ ಅತ್ತೆ. ಸೋತ ವರ್ಷ ಮೊದ್ಲು ಕಳ್ಸೋದು ಲ್ಯಾಪ್‌ಟಾಪ್ ಮುಂದೆ ಕೂತೋರನ್ನೇ. ಕ್ಲಬ್ಬಿನೋರು ಮೀಟಿಂಗ್ ಮಾಡ್ತಾರೆ. ನೀವು ಊರಿಗೆ ಹೋದ್ಮೇಲೆ ಗೊತ್ತಾಗ್ತದೆ."

ಮತ್ತೆ ಹೊಸನಗರ

ಊರಿಗೆ ಬಂದ ಮೇಲೆ ನಾನು ಫೋನು ಕೈಬಿಡಲಿಲ್ಲ. ಆಫೀಸಿನಲ್ಲಿ ಫೈಲಿನ ಕೆಳಗೆ, ಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ. ಮೀಟಿಂಗು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ ಒಂದು ದಿನ ಪೂರ್ಣಿ ಮೆಸೇಜು ಹಾಕಿದಳು: ಇವತ್ತು ಮೀಟಿಂಗ್, ಮುಗಿದ ಕೂಡಲೇ ಕಾಲ್ ಮಾಡ್ತೀನಿ.

ಸಂಜೆ ಆಫೀಸಿನಿಂದ ಬಂದು ಕಾಫಿಗೆ ಇಟ್ಟಿದ್ದೆ. ಮಳೆಗಾಲಕ್ಕೆ ಮುಂಚಿನ ಕಾವು. ಬಸ್‌ಸ್ಟ್ಯಾಂಡಿನ ಆಚೆ ಮೋಡ ಕಟ್ಟಿತು. ಗುಡುಗಿತು.

ನಮ್ಮನೆಯವರು ಕಿಟಕಿಗೆ ಓಡಿದರು. ನಾನು ಟಿವಿ ಕಿತ್ತೆ, ಫ್ರಿಜ್ ಕಿತ್ತೆ. ವೈಫೈ ಪೆಟ್ಟಿಗೆಯ ಪ್ಲಗ್ಗಿನ ಮೇಲೆ ಕೈ ಇಟ್ಟೆ. ನಮ್ಮ ಬೀದಿಯಲ್ಲಿ ಮೋಡ ಕಟ್ಟಿದರೆ ಫೋನಿನ ಸಿಗ್ನಲ್ ಹೋಗುತ್ತದೆ. ಪೂರ್ಣಿಯ ಕಾಲ್ ಬಂದರೆ ಈ ಪೆಟ್ಟಿಗೆಯಿಂದಲೇ ಬರಬೇಕು.

"ಕಿತ್ಯಾ?" ಒಳಗಿನಿಂದ ಕೂಗಿದರು.

"ಇಲ್ಲ."

ಅವರು ಬಂದು ಬಾಗಿಲಲ್ಲಿ ನಿಂತರು. "ಸುಟ್ಟು ಹೋಗ್ತದೆ ಮಾರಾಯ್ತಿ."

"ಹೋಗ್ಲಿ."

ಸಂಸಾರ ಹೂಡಿದಾಗಿನಿಂದ ಗುಡುಗಿನಲ್ಲಿ ಒಂದು ಪ್ಲಗ್ಗು ಗೋಡೆಯಲ್ಲೇ ಉಳಿದದ್ದು ಅದೇ ಮೊದಲು. ಮಿಂಚಿದಾಗಲೆಲ್ಲ ಪೆಟ್ಟಿಗೆಯ ಹಸಿರು ದೀಪ ನೋಡುತ್ತಾ ನಿಂತೆ. ಕಾಫಿ ಉಕ್ಕಿ ಒಲೆ ಆರಿದ ವಾಸನೆ ಬಂತು. ಯಾರೂ ಹೋಗಲಿಲ್ಲ.

ಫೋನು ಬಡಿದುಕೊಂಡಿತು. ಪೂರ್ಣಿಯ ಮುಖ ಚೂರು ಚೂರಾಗಿ ಬಂದು ಕೂಡಿಕೊಂಡಿತು. ಹಿಂದೆ ಅದೇ ಪಂದ್ಯದ ಹಾಲ್, ಖಾಲಿ ಅಂಕಣ.

"ಅತ್ತೆ, ಸಹಿ ಮಾಡ್ದೆ! ಎರಡು ವರ್ಷಕ್ಕೆ. ಮತ್ತೆ ಕೇಳಿ ಇಲ್ಲಿ, ಮುಂದಿನ ಸಲದಿಂದ ಅವರೇ ಹೆಡ್‌ಸೆಟ್ ಹಾಕ್ಕೋತಾರಂತೆ. ಟ್ಯಾಬು ಅಸಿಸ್ಟೆಂಟಿಗೆ ಕೊಡಿ, ನನಗೆ ಆ ಹುಡುಗಿ ಮಾತು ಸಾಕು ಅಂ..."

ಮನೆಯೆಲ್ಲ ಬೆಳ್ಳಗಾಯಿತು. ಗೋಡೆಯೊಳಗೆ ಟಪ್ ಅಂತ ಒಂದು ಸದ್ದು. ಹಸಿರು ದೀಪ ಆರಿತು, ಪೂರ್ಣಿಯ ಬಾಯಿ ತೆರೆದಿದ್ದು ಹಾಗೇ ನಿಂತಿತು. ಕರೆಂಟೂ ಹೋಯಿತು.

"ನೋಡು, ಹೇಳಿರಲಿಲ್ವಾ," ಕತ್ತಲಲ್ಲಿ ನಮ್ಮನೆಯವರ ದನಿ. "ಸುಟ್ಟ ವಾಸನೆ ಬರ್ತಿದೆ."

"ಬರ್ಲಿ ಬಿಡಿ," ಅಂದೆ. "ಹುಡುಗಿ ಅಲ್ಲೇ ಇರ್ತಾಳಂತೆ."